ಲ್ಯಾಪ್‌ಟಾಪ್ ಬ್ಯಾಟರಿ ಶೇ. 40ರಿಂದ ಒಮ್ಮೆಲೇ 7ಕ್ಕೆ ಬೀಳುವುದೇಕೆ? ಪತ್ತೆ ಹಚ್ಚುವ, ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಶೇ. 100ರಿಂದ 80ಕ್ಕೆ ಇಳಿಯಲು ಒಂದೂವರೆ ಗಂಟೆ, 80ರಿಂದ 40ಕ್ಕೆ ಮುಕ್ಕಾಲು ಗಂಟೆ, ಆಮೇಲೆ 40ರಿಂದ ನೇರ 7. ಇನ್ನೊಂದು ಲ್ಯಾಪ್‌ಟಾಪು ಶೇ. 28 ಎಂದು ತೋರಿಸುತ್ತಲೇ ಎಚ್ಚರಿಕೆ ಕೊಡದೆ ಆರಿಹೋಗುತ್ತದೆ. ಮತ್ತೊಂದು ಶೇ. 7ಕ್ಕೆ ಬಂದು ಅಲ್ಲೇ ಮುಕ್ಕಾಲು ಗಂಟೆ ಕೂತುಬಿಡುತ್ತದೆ. ಎಲ್ಲಕ್ಕೂ ಸಿಗುವ ಸಲಹೆ ಒಂದೇ: "ಪೂರ್ತಿ ಖಾಲಿ ಮಾಡಿ, ಪೂರ್ತಿ ಚಾರ್ಜ್ ಮಾಡಿ." ಈ ಸಲಹೆ ಕೆಲವು ಸಲ ಫಲಿಸುತ್ತದೆ, ಕೆಲವು ಸಲ ವ್ಯರ್ಥ, ಇನ್ನು ಕೆಲವು ಸಲ ಅಪಾಯ.

ಏರುಪೇರಿನ ಇಳಿಕೆಗೆ ಮೂಲ ಮೂರು. ನೀವು ವಿದ್ಯುತ್ತನ್ನು ಏರುಪೇರಾಗಿ ಬಳಸುತ್ತಿರಬಹುದು. ಹಾಗಿದ್ದರೆ ಅಂಕಿ ನಿಜವನ್ನೇ ಹೇಳುತ್ತಿದೆ, ಏನೂ ಮಾಡಬೇಕಿಲ್ಲ. ಬ್ಯಾಟರಿಯೊಳಗಿನ ಲೆಕ್ಕ ತಪ್ಪಿರಬಹುದು. ಅದಕ್ಕೆ ಕ್ಯಾಲಿಬ್ರೇಶನ್ ಇದೆ, ಅಂದರೆ ಬ್ಯಾಟರಿಯನ್ನು ಕ್ರಮವಾಗಿ ಬರಿದು ಮಾಡಿ, ತುಂಬಿಸಿ ಲೆಕ್ಕ ತಿದ್ದುವುದು. ಇಲ್ಲವೇ ಚಾರ್ಜ್ ಹಿಡಿದಿಡುವ ಸೆಲ್ಲುಗಳೇ ಸೊರಗಿರಬಹುದು. ಅದಕ್ಕೆ ಹೊಸ ಬ್ಯಾಟರಿಯೇ ಗತಿ. ಕ್ಯಾಲಿಬ್ರೇಶನ್ ತಿದ್ದುವುದು ಅಂಕಿಯನ್ನು ಮಾತ್ರ, ಸೆಲ್ಲನ್ನಲ್ಲ. ಆದ್ದರಿಂದ ಮೊದಲು ಪತ್ತೆ, ಆಮೇಲೆ ಮದ್ದು.

ಆ ಅಂಕಿ ಬರುವುದು ಎಲ್ಲಿಂದ

ಬ್ಯಾಟರಿ ಪ್ಯಾಕಿನೊಳಗೆ ಸೆಲ್ಲುಗಳ ಜೊತೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಅದರ ಮೇಲಿರುವ ಗೇಜ್ ಚಿಪ್ಪೇ ಇಡೀ ಕಥೆಯ ನಾಯಕ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ತಾನಾಗಿ ಏನನ್ನೂ ಅಳೆಯುವುದಿಲ್ಲ. ಚಿಪ್ಪು ಹೇಳಿದ ಎರಡು ಸಂಖ್ಯೆಗಳನ್ನು ಭಾಗಿಸಿ ತೋರಿಸುತ್ತದೆ. ಮೇಲಿನದು ಉಳಿದಿರುವ ಚಾರ್ಜ್. ಕೆಳಗಿನದು ಪೂರ್ಣ ಚಾರ್ಜ್ ಸಾಮರ್ಥ್ಯ, ಅಂದರೆ ಈಗಿನ ಸ್ಥಿತಿಯಲ್ಲಿ ಬ್ಯಾಟರಿ ಹಿಡಿಸಬಲ್ಲುದೆಂದು ಚಿಪ್ಪು ನಂಬಿರುವ ಮೊತ್ತ.

ಇದು ಕಣಜದ ಲೆಕ್ಕ ಬರೆಯುವ ಶಾನುಭೋಗರ ಕೆಲಸದಂತೆ. ಎಷ್ಟು ಚೀಲ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಬಾಗಿಲಲ್ಲಿ ಕೂತು ಬರೆಯುತ್ತಾರೆ; ಕಣಜಕ್ಕೆ ಇಣುಕುವುದಿಲ್ಲ. ಚಿಪ್ಪಿನ ಬಾಗಿಲು ಅಂದರೆ ಕೆಲವೇ ಮಿಲಿಓಮ್‌ನ ಒಂದು ರೆಸಿಸ್ಟರ್. ಅದರ ಮೂಲಕ ಹರಿದ ಕರೆಂಟನ್ನು ಕಾಲದೊಂದಿಗೆ ಕೂಡಿಸುತ್ತ, ಕಳೆಯುತ್ತ ಹೋಗುತ್ತದೆ. ಸಣ್ಣ ಸಣ್ಣ ತಪ್ಪುಗಳು ಸೇರುತ್ತವೆ. ಸೆಲ್ಲು ತಾನಾಗಿ ಕಳೆದುಕೊಳ್ಳುವ ಚಾರ್ಜ್ ಬಾಗಿಲ ಮೂಲಕ ಹೋಗುವುದೇ ಇಲ್ಲ. ಇಷ್ಟಕ್ಕಿಂತ ದೊಡ್ಡ ತೊಡಕು ಕೆಳಗಿನ ಸಂಖ್ಯೆಯದು: ಕಣಜವೇ ವರ್ಷ ಕಳೆದಂತೆ ಕುಗ್ಗುತ್ತದೆ, ಪುಸ್ತಕದಲ್ಲಿ ಮಾತ್ರ ಹಳೆಯ ಅಳತೆಯೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಹೊಸದಾಗಿದ್ದಾಗ 50 ವ್ಯಾಟ್-ಅವರ್ (ಒಂದು ವ್ಯಾಟ್-ಅವರ್ ಅಂದರೆ 1 ವ್ಯಾಟ್ ಬಳಕೆಗೆ ಒಂದು ಗಂಟೆ ಬರುವಷ್ಟು ವಿದ್ಯುತ್ತು) ಇದ್ದ ಬ್ಯಾಟರಿ ಈಗ ನಿಜಕ್ಕೂ ಹಿಡಿಸುವುದು 36, ಆದರೆ ಚಿಪ್ಪು 45 ಎಂದು ನಂಬಿದೆ ಎನ್ನೋಣ. 36 ಖರ್ಚಾಗಿ ಸೆಲ್ಲು ಬರಿದಾದಾಗ ಪುಸ್ತಕದಲ್ಲಿ ಇನ್ನೂ 9 ಬಾಕಿ, ಅಂದರೆ ಶೇ. 20. ಬಳಕೆದಾರರಿಗೆ ಕಾಣುವುದು "ಶೇ. 20ರಲ್ಲಿ ಆಫ್ ಆಯಿತು" ಎಂದು. ತಿರುವುಮುರುವೂ ಆಗುತ್ತದೆ. ನಿಜಕ್ಕೂ 36 ಇದ್ದು ಚಿಪ್ಪು 30 ಎಂದು ನಂಬಿದ್ದರೆ, 27.9 ಖರ್ಚಾದಾಗ ಶೇ. 7 ಬರುತ್ತದೆ, ಒಳಗೆ ಇನ್ನೂ 8.1 ವ್ಯಾಟ್-ಅವರ್ ಇರುತ್ತದೆ. ಲೆಕ್ಕಕ್ಕೆ ಸಿಗದ ಆ 6 ವ್ಯಾಟ್-ಅವರ್ 8 ವ್ಯಾಟ್ ಬಳಕೆಯಲ್ಲಿ 45 ನಿಮಿಷ ಬರುತ್ತದೆ. ಶೇ. 7ರಲ್ಲಿ ಮುಕ್ಕಾಲು ಗಂಟೆ ನಿಲ್ಲುವ ಲ್ಯಾಪ್‌ಟಾಪಿನ ಗುಟ್ಟು ಇದೇ.

ಆದರೆ 7 ಎಂಬ ಅಂಕಿಯೇ ಏಕೆ? ಇದಕ್ಕೆ ವೋಲ್ಟೇಜಿನ ಸ್ವಭಾವ ತಿಳಿಯಬೇಕು. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲು ತುಂಬಿದಾಗ 4.2 ವೋಲ್ಟ್ ಇರುತ್ತದೆ. ಈಚಿನ ತೆಳು ಪೌಚ್ ಸೆಲ್ಲುಗಳಲ್ಲಿ 4.35 ಅಥವಾ 4.4. ಬರಿದಾದಾಗ 3 ವೋಲ್ಟಿನ ಆಸುಪಾಸು. ನಡುವಿನ ದೊಡ್ಡ ಭಾಗ 3.9ರಿಂದ 3.6ರವರೆಗೆ ಬಹುತೇಕ ಚಪ್ಪಟೆ. ಅಲ್ಲಿ ವೋಲ್ಟೇಜ್ ನೋಡಿ ಶೇ. 55 ಇದೆಯೋ 45 ಇದೆಯೋ ಹೇಳುವುದು ಕಷ್ಟ. 3.5ರಿಂದ ಕೆಳಗೆ ಇಳಿಜಾರು ಕಡಿದಾಗುತ್ತದೆ, ಅಲ್ಲಿ ವೋಲ್ಟೇಜಿನ ಮಾತು ನಂಬಬಹುದು. ಆದ್ದರಿಂದ ಬಹಳಷ್ಟು ಗೇಜ್‌ಗಳು ನಡುದಾರಿಯಲ್ಲಿ ಎಣಿಕೆಯನ್ನು ನಂಬಿ, ಕೊನೆಯ ಇಳಿಜಾರಿನಲ್ಲಿ ವೋಲ್ಟೇಜಿನ ಮೈಲಿಗಲ್ಲುಗಳನ್ನು ಇಟ್ಟುಕೊಂಡಿರುತ್ತವೆ: ಸಾಮಾನ್ಯವಾಗಿ ಶೇ. 7, 3 ಮತ್ತು 0. ಎಣಿಕೆ 40 ಎನ್ನುತ್ತಿರುವಾಗಲೇ ವೋಲ್ಟೇಜ್ ಮೊದಲ ಮೈಲಿಗಲ್ಲು ಮುಟ್ಟಿದರೆ ಚಿಪ್ಪು ಪುಸ್ತಕ ಹೊಡೆದುಹಾಕಿ ನೇರ 7 ಎಂದು ಬರೆಯುತ್ತದೆ. ಎಣಿಕೆ ಮೊದಲು 7ಕ್ಕೆ ಬಂದು ವೋಲ್ಟೇಜ್ ಇನ್ನೂ ಮೇಲಿದ್ದರೆ ವೋಲ್ಟೇಜ್ ಇಳಿಯುವವರೆಗೆ 7ರಲ್ಲೇ ಕಾಯುತ್ತದೆ. ವಿಂಡೋಸ್‌ನ ಮೂಲ ಸೆಟ್ಟಿಂಗಿನಲ್ಲಿ ಬ್ಯಾಟರಿ ಮುಗಿಯುತ್ತ ಬಂತೆಂದು ಎಚ್ಚರಿಸುವ 'ರಿಸರ್ವ್' ಮಟ್ಟವೂ ಶೇ. 7 ಆಗಿರುವುದರಿಂದ ಇದು ವಿಂಡೋಸ್‌ನ ಕಿತಾಪತಿ ಎಂದು ಹಲವರು ಭಾವಿಸುತ್ತಾರೆ. ಎರಡಕ್ಕೂ ಸಂಬಂಧವಿಲ್ಲ.

ಇನ್ನೊಂದು ಜಾತಿಯ ಗೇಜ್ ಸೆಲ್ಲಿನ ಒಳರೋಧವನ್ನೂ, ಅಂದರೆ ಕರೆಂಟಿಗೆ ಸೆಲ್ಲು ತನ್ನೊಳಗೇ ಒಡ್ಡುವ ತಡೆಯನ್ನೂ, ಕಲಿಯುತ್ತ ಹೋಗುತ್ತದೆ. ಲ್ಯಾಪ್‌ಟಾಪ್ ಗಂಟೆಗಟ್ಟಲೆ ಸುಮ್ಮನಿದ್ದು ಸೆಲ್ಲಿನ ವೋಲ್ಟೇಜ್ ನೆಲೆಗೊಂಡಾಗ ಅದನ್ನು ಓದಿ ಲೆಕ್ಕ ತಿದ್ದಿಕೊಳ್ಳುತ್ತದೆ. ರಾತ್ರಿ ಶೇ. 52ರಲ್ಲಿ ಆಫ್ ಮಾಡಿದ ಯಂತ್ರ ಬೆಳಿಗ್ಗೆ 55 ತೋರಿಸಿದರೆ ಗಾಬರಿ ಬೇಡ, ಅದು ಈ ತಿದ್ದುಪಡಿ. ಆದರೆ ಇಂಥ ಗೇಜ್ ತನ್ನ ಪೂರ್ಣ ಸಾಮರ್ಥ್ಯದ ಅಂದಾಜನ್ನು ಬದಲಿಸಲು ವಿಶ್ರಾಂತಿಯ ಎರಡು ಓದುಗಳು ಬೇಕು, ಅವೆರಡರ ನಡುವೆ ಸಾಮರ್ಥ್ಯದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಚಾರ್ಜ್ ಹರಿದಿರಬೇಕು. ವರ್ಷವಿಡೀ ಪ್ಲಗ್‌ನಲ್ಲೇ ಇದ್ದು ಶೇ. 78 ಮತ್ತು 80ರ ನಡುವೆ ಓಡಾಡುವ ಬ್ಯಾಟರಿಗೆ ಈ ಅವಕಾಶ ಬರುವುದೇ ಇಲ್ಲ. ಬ್ಯಾಟರಿ ಬಾಳಲೆಂದು ಶೇ. 80ರ ಮಿತಿ ಹಾಕಿಕೊಂಡ ಜಾಗರೂಕ ಬಳಕೆದಾರರಿಗೇ ಈ ಏರುಪೇರು ಹೆಚ್ಚು ಕಾಣುವುದು ಇದರಿಂದ. ಮಿತಿ ಹಾಕಿದ್ದು ಸರಿಯೇ. ಅದಕ್ಕೆ ತೆರಬೇಕಾದ ಸಣ್ಣ ಸುಂಕ ಇದು.

ಹಂತ 1: ಅನುಮಾನಕ್ಕೆ ಮೊದಲು ವ್ಯಾಟ್ ಲೆಕ್ಕ

50 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಶೇ. 1 ಅಂದರೆ ಅರ್ಧ ವ್ಯಾಟ್-ಅವರ್. ಪಠ್ಯ ಓದುತ್ತ 8 ವ್ಯಾಟ್ ಬಳಸುವಾಗ ಒಂದು ಶೇಕಡ ಇಳಿಯಲು ಸುಮಾರು 3 ಮುಕ್ಕಾಲು ನಿಮಿಷ. ವಿಡಿಯೋ ಕರೆಯಲ್ಲಿ 20 ವ್ಯಾಟ್ ಆದರೆ ಒಂದೂವರೆ ನಿಮಿಷ. ಆಟ ಆಡುತ್ತ 45 ವ್ಯಾಟ್ ಎಳೆದರೆ 40 ಸೆಕೆಂಡು. ಅದೇ ಬ್ಯಾಟರಿ ಸವೆದು 35ಕ್ಕೆ ಬಂದಿದ್ದರೆ ವಿಡಿಯೋ ಕರೆಯಲ್ಲಿ ನಿಮಿಷಕ್ಕೊಂದು ಶೇಕಡ ಇಳಿಯುತ್ತದೆ. ಬೆಳಿಗ್ಗೆ ಮೇಲ್ ಓದುವಾಗ ನಿಧಾನ, ಮೀಟಿಂಗ್ ಶುರುವಾದ ಮೇಲೆ ಸರ್ರನೆ ಇಳಿಕೆ ಎಂದರೆ ಅದು ದೋಷವಲ್ಲ. ಪರದೆಯ ಬೆಳಕು, ಹಿನ್ನೆಲೆಯ ಅಪ್‌ಡೇಟ್, ಹತ್ತಾರು ಟ್ಯಾಬುಗಳ ಬ್ರೌಸರ್, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು, ಇವೇ ಮುಖ್ಯ ಖರ್ಚುಗಳು. "3 ಗಂಟೆ 10 ನಿಮಿಷ ಬಾಕಿ" ಎಂಬ ಅಂದಾಜನ್ನಂತೂ ನಂಬಲೇಬೇಡಿ. ಅದು ಕಳೆದ ಕೆಲವು ನಿಮಿಷಗಳ ಬಳಕೆಯನ್ನು ಮುಂದಕ್ಕೆ ಎಳೆದ ಗೆರೆ.

ಒಂದೇ ಯಂತ್ರದಲ್ಲಿ ಎರಡು ಬ್ಯಾಟರಿ ಇದ್ದರೂ ಇಳಿಕೆ ಏರುಪೇರಾಗುತ್ತದೆ. ಥಿಂಕ್‌ಪ್ಯಾಡ್ ಟಿ480 ಇದಕ್ಕೆ ಒಳ್ಳೆಯ ಉದಾಹರಣೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತದೆ. ಒಳಗೊಂದು 24 ವ್ಯಾಟ್-ಅವರ್, ಹಿಂದೆ ಕಳಚಬಹುದಾದ ಇನ್ನೊಂದು. ಮೊದಲು ಖಾಲಿಯಾಗುವುದು ಹಿಂದಿನದು. ವಿಂಡೋಸ್ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ. ಹಿಂದಿನ ಬ್ಯಾಟರಿ ಸೊರಗಿದ್ದರೆ ಮೊದಲರ್ಧ ಧಡಧಡ ಇಳಿದು, ಒಳಗಿನದಕ್ಕೆ ಬಂದ ಮೇಲೆ ಸರಾಗವಾಗುತ್ತದೆ. ಇಂಥ ಯಂತ್ರದಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಹಂತ 2: ಬ್ಯಾಟರಿಯ ದಾಖಲೆ ತೆರೆಯಿರಿ

ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿನಿಂದ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್ ಎಂಬ ಆಜ್ಞೆ ಕೊಡಿ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ: ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಅಂಟಿಸಿ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಓರೆಗೆರೆ, ಅದರ ಬೆನ್ನಿಗೇ ಬ್ಯಾಟರಿ, ರಿಪೋರ್ಟ್ ಎರಡನ್ನೂ ಬಿಡಿಸದೆ. ಫೈಲು ಎಲ್ಲಿ ಉಳಿಯಿತೆಂದು ಅಲ್ಲೇ ತೋರಿಸುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ನೋಡಬೇಕಾದದ್ದು ಮೂರು ಜಾಗ.

ಮೊದಲನೆಯದು 'ಇನ್‌ಸ್ಟಾಲ್ಡ್ ಬ್ಯಾಟರೀಸ್'. ಇಲ್ಲಿ ಡಿಸೈನ್ ಕೆಪಾಸಿಟಿ (ಹೊಸದಾಗಿದ್ದಾಗಿನ ಸಾಮರ್ಥ್ಯ), ಫುಲ್ ಚಾರ್ಜ್ ಕೆಪಾಸಿಟಿ (ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ), ಸೈಕಲ್ ಕೌಂಟ್ (ಎಷ್ಟು ಸುತ್ತು ಬಳಕೆಯಾಗಿದೆ ಎಂಬ ಎಣಿಕೆ) ಇರುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಶೇ. 80ಕ್ಕಿಂತ ಮೇಲಿದ್ದರೆ ಆರೋಗ್ಯ ಚೆನ್ನಾಗಿದೆ. 60ಕ್ಕಿಂತ ಕೆಳಗಿದ್ದರೆ ಬದಲಾವಣೆಯ ಯೋಚನೆ ಮಾಡಿ. ಆದರೆ ಈ ಸಂಖ್ಯೆ ಚಿಪ್ಪಿನ ನಂಬಿಕೆ, ಅಳತೆಯಲ್ಲ ಎಂಬುದನ್ನು ಮರೆಯಬೇಡಿ.

ಎರಡನೆಯದು 'ಬ್ಯಾಟರಿ ಕೆಪಾಸಿಟಿ ಹಿಸ್ಟರಿ'. ಫುಲ್ ಚಾರ್ಜ್ ಕೆಪಾಸಿಟಿ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಇಳಿದಿದ್ದರೆ ಅದು ಸಹಜ ಸವೆತ. ಆರು ತಿಂಗಳು ಒಂದೇ ಸಂಖ್ಯೆ ಅಲುಗಾಡದೆ ನಿಂತಿದ್ದರೆ ಚಿಪ್ಪು ಹೊಸದೇನನ್ನೂ ಕಲಿತಿಲ್ಲ. ಒಂದು ವಾರದಲ್ಲಿ 44,000ದಿಂದ 31,000 ಮಿಲಿವ್ಯಾಟ್-ಅವರ್‌ಗೆ ಬಿದ್ದಿದ್ದರೆ ಚಿಪ್ಪು ಬಹುಕಾಲದ ಬಾಕಿ ಲೆಕ್ಕವನ್ನು ಒಮ್ಮೆಗೇ ತಿದ್ದಿದೆ. ಸೆಲ್ಲು ಸತ್ತದ್ದು ಆ ವಾರದಲ್ಲೇ ಎಂದೇನೂ ಅಲ್ಲ.

ಮೂರನೆಯದು 'ರೀಸೆಂಟ್ ಯೂಸೇಜ್'. ಇದೇ ಎಲ್ಲಕ್ಕಿಂತ ಬೆಲೆಬಾಳುವುದು. ಹೊತ್ತು ಮತ್ತು ಉಳಿದ ಮಿಲಿವ್ಯಾಟ್-ಅವರ್ ಸಾಲುಸಾಲಾಗಿ ಇರುತ್ತವೆ. ದೊಡ್ಡ ಜಿಗಿತ ಕಂಡ ಎರಡು ಸಾಲು ಹಿಡಿದು ವ್ಯಾಟ್ ಲೆಕ್ಕ ಹಾಕಿ. ಎರಡು ನಿಮಿಷದಲ್ಲಿ 18,400ದಿಂದ 3,200ಕ್ಕೆ ಬಂದಿದೆ ಎನ್ನೋಣ. 15.2 ವ್ಯಾಟ್-ಅವರ್ ಎರಡು ನಿಮಿಷದಲ್ಲಿ ಖರ್ಚಾಗಬೇಕಾದರೆ 456 ವ್ಯಾಟ್ ಎಳೆಯಬೇಕು, ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು! 65 ವ್ಯಾಟ್ ಅಡಾಪ್ಟರಿನ ಲ್ಯಾಪ್‌ಟಾಪಿಗೆ ಅದು ಅಸಾಧ್ಯ. ಅಂದರೆ ಖರ್ಚಾದದ್ದು ವಿದ್ಯುತ್ತಲ್ಲ, ಪುಸ್ತಕದ ತಪ್ಪು ಬಾಕಿ. ಲೆಕ್ಕ 30–40 ವ್ಯಾಟ್ ಎಂದು ಬಂದರೆ ಯಾವುದೋ ಪ್ರೋಗ್ರಾಂ ನಿಜವಾಗಿಯೇ ತಿಂದಿದೆ.

ಲಿನಕ್ಸ್‌ನಲ್ಲಿ ಇದೇ ಮಾಹಿತಿ ಸಿಸ್ ಫೋಲ್ಡರಿನ ಕ್ಲಾಸ್, ಅದರೊಳಗಿನ ಪವರ್ ಸಪ್ಲೈ ಫೋಲ್ಡರಿನಲ್ಲಿ ಬ್ಯಾಟ್0 ಅಥವಾ ಬ್ಯಾಟ್1 ಎಂಬ ಹೆಸರಿನಡಿ ಸಿಗುತ್ತದೆ. ಯುಪವರ್ ಆಜ್ಞೆ ಅದನ್ನೇ ಓದಿ ಹೇಳುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆರೆದು 'ಪವರ್' ವಿಭಾಗ ನೋಡಿ.

ಹಂತ 3: ಒಂದೇ ಹೊರೆಯ ಪರೀಕ್ಷೆ

ಬಳಕೆಯ ಏರುಪೇರನ್ನು ಕಳೆದರೆ ಮಾತ್ರ ಬ್ಯಾಟರಿಯ ಏರುಪೇರು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಅರ್ಧ ದಿನ ಎತ್ತಿಡಿ.

ನಿರ್‌ಸಾಫ್ಟ್‌ನ ಬ್ಯಾಟರಿಇನ್ಫೋವ್ಯೂ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಲಾಗ್ ಕಿಟಕಿ ಶೇಕಡ, ಉಳಿದ ಸಾಮರ್ಥ್ಯ, ವೋಲ್ಟೇಜ್, ಹೊರಹರಿವಿನ ದರವನ್ನು ನಿಗದಿತ ಅಂತರದಲ್ಲಿ ಬರೆದಿಡುತ್ತದೆ. ಪೂರ್ತಿ ಚಾರ್ಜ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಪರದೆಯ ಬೆಳಕನ್ನು ಅರ್ಧಕ್ಕೆ ನಿಲ್ಲಿಸಿ, ತಾನಾಗಿ ಹೊಂದಿಕೊಳ್ಳುವ ಬೆಳಕನ್ನೂ ಸ್ಲೀಪನ್ನೂ ಆಫ್ ಮಾಡಿ. ಡಿಸ್ಕಿನಲ್ಲಿರುವ ಒಂದು ವಿಡಿಯೋವನ್ನು ಸುತ್ತಿ ಸುತ್ತಿ ಓಡುವಂತೆ ಹಾಕಿ, ಚಾರ್ಜರ್ ತೆಗೆದು ಕೈಬಿಡಿ. ತೆರೆದ ಫೈಲುಗಳೆಲ್ಲ ಮೊದಲೇ ಸೇವ್ ಆಗಿರಲಿ, ಕೊನೆಯಲ್ಲಿ ಯಂತ್ರ ಎಲ್ಲಿ ಬೇಕಾದರೂ ಆರಬಹುದು. ಹೊರಹರಿವು 8–12 ವ್ಯಾಟ್ ನಡುವೆ ಸ್ಥಿರವಾಗಿದ್ದರೆ ಸಾಕು.

ಒಂದು ಪಾಳಿ ಮುಗಿದ ಮೇಲೆ ಮತ್ತೆ ತುಂಬಿಸಿ, ಇನ್ನೊಂದು ಪಾಳಿಯನ್ನು 25–30 ವ್ಯಾಟ್ ಹೊರೆಯಲ್ಲಿ ಓಡಿಸಿ. ಬೆಳಕು ಪೂರ್ತಿ ಏರಿಸಿ, ಪ್ರೊಸೆಸರಿಗೆ ಕೆಲಸ ಕೊಡುವ ಯಾವುದಾದರೂ ಬೆಂಚ್‌ಮಾರ್ಕ್ ಹಾಕಿದರಾಯಿತು. ಈ ಎರಡನೇ ಪಾಳಿಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಲೆಕ್ಕದ ದೋಷವೋ ಸೆಲ್ಲಿನ ದೋಷವೋ ಎಂಬ ತೀರ್ಪು ಬರುವುದು ಎರಡನ್ನೂ ಹೋಲಿಸಿದಾಗಲೇ.

ಹಂತ 4: ಇಳಿಕೆಯ ಚಹರೆ ಓದುವುದು

ಹಗುರ ಹೊರೆಯಲ್ಲಿ ಶೇ. 5ರವರೆಗೂ ಸರಾಗವಾಗಿ ಬಂದು, ಭಾರದ ಹೊರೆಯಲ್ಲಿ 25–30ಕ್ಕೇ ಆರಿದರೆ ಒಳರೋಧ ಏರಿದೆ. ಮೂರು ಸೆಲ್ಲು ಸರಣಿಯಲ್ಲಿರುವ ಪ್ಯಾಕನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಟ್ಟು ಒಳರೋಧ 0.45 ಓಮ್ ಆಗಿದೆ ಎನ್ನೋಣ. 1 ಆಂಪಿಯರ್ ಎಳೆದಾಗ ಪ್ರತಿ ಸೆಲ್ಲಿಗೆ 0.15 ವೋಲ್ಟ್ ಕುಸಿತ, 4 ಆಂಪಿಯರ್ ಎಳೆದಾಗ 0.6. ವಿಶ್ರಾಂತಿಯಲ್ಲಿ 3.6 ವೋಲ್ಟ್ ಇರುವ ಸೆಲ್ಲು ಹಗುರ ಹೊರೆಯಲ್ಲಿ 3.45ಕ್ಕೆ ನಿಲ್ಲುತ್ತದೆ, ಭಾರಕ್ಕೆ 3.0ಕ್ಕೆ ಕುಸಿದು ರಕ್ಷಣಾ ಸರ್ಕ್ಯೂಟ್ ಕಡಿದುಹಾಕುತ್ತದೆ. ಒಳಗೆ ಚಾರ್ಜ್ ಇದೆ, ಹೊರಗೆ ಕೊಡುವ ತಾಕತ್ತಿಲ್ಲ. ಇದರ ಇನ್ನೊಂದು ಗುರುತು: ಆರಿದ ಯಂತ್ರಕ್ಕೆ ಚಾರ್ಜರ್ ಹಾಕಿ ಆನ್ ಮಾಡಿದ ತಕ್ಷಣ ಅದೇ ಶೇ. 27 ಮತ್ತೆ ಕಾಣುತ್ತದೆ. ಕ್ಯಾಲಿಬ್ರೇಶನ್ ಇಲ್ಲಿ ಹೆಚ್ಚೆಂದರೆ ಅಂಕಿಯನ್ನು ಪ್ರಾಮಾಣಿಕಗೊಳಿಸೀತು, ಬ್ಯಾಟರಿಯನ್ನಲ್ಲ. ಚಳಿಯಲ್ಲೂ ಒಳರೋಧ ಏರುವುದರಿಂದ ಹಿಮದ ಊರುಗಳಲ್ಲಿರುವವರು ಈ ಪರೀಕ್ಷೆಯನ್ನು ಬೆಚ್ಚಗಿನ ಕೋಣೆಯಲ್ಲೇ ಮಾಡಬೇಕು.

ಎರಡೂ ಹೊರೆಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿಯಲ್ಲಿ ಜಿಗಿತ ಬಂದರೆ, ಜಿಗಿದ ಮೇಲೆ ಯಂತ್ರ ಇನ್ನೂ ಕೆಲವು ನಿಮಿಷ ಓಡಿದರೆ, ಅದು ತಪ್ಪಿದ ಲೆಕ್ಕ. ಕ್ಯಾಲಿಬ್ರೇಶನ್‌ಗೆ ತಕ್ಕ ಪ್ರಕರಣ. ಶೇ. 7ರಲ್ಲೋ 3ರಲ್ಲೋ ಬಹಳ ಹೊತ್ತು ನಿಲ್ಲುವುದೂ ಇದೇ ಗುಂಪು, ಅದೂ ಒಳ್ಳೆಯ ಸುದ್ದಿಯ ಗುಂಪು: ಚಿಪ್ಪು ತಿಳಿದದ್ದಕ್ಕಿಂತ ಸೆಲ್ಲು ಗಟ್ಟಿಯಾಗಿದೆ.

ಕ್ಯಾಲಿಬ್ರೇಶನ್ ಆದ ಮೇಲೂ ಒಂದೇ ಮಟ್ಟದಲ್ಲಿ, ಉದಾಹರಣೆಗೆ 60ರಿಂದ 35ಕ್ಕೆ, ಜಿಗಿತ ಮರುಕಳಿಸಿದರೆ ಸರಣಿಯ ಒಂದು ಸೆಲ್ಲು ಉಳಿದವುಗಳಿಗಿಂತ ಮೊದಲೇ ಬರಿದಾಗುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಸರಣಿಯಲ್ಲಿ ಇಡೀ ಪ್ಯಾಕಿನ ಬಾಳ್ವೆ ಬಡಕಲು ಸೆಲ್ಲಿನ ಕೈಯಲ್ಲಿ. ಒಂದು 3 ವೋಲ್ಟಿಗೆ ಇಳಿದರೆ ಉಳಿದೆರಡರಲ್ಲಿ ಎಷ್ಟಿದ್ದರೂ ರಕ್ಷಣಾ ಸರ್ಕ್ಯೂಟ್ ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಬದಲಿಸಿ.

ಮೇಲ್ತುದಿಯ ವಿಚಿತ್ರಗಳು ಬಹುಪಾಲು ದೋಷಗಳಲ್ಲ. ಚಾರ್ಜಿಂಗ್ ಕೊನೆಗೆ ಕರೆಂಟ್ ತಾನಾಗಿ ಕಿರಿದಾಗುತ್ತ ಹೋಗುವುದರಿಂದ ಶೇ. 99ರಲ್ಲಿ ಬಹಳ ಹೊತ್ತು ನಿಲ್ಲುವುದು ಸಹಜ. ಪ್ಲಗ್ ಹಾಕಿದ್ದರೂ 96ರಲ್ಲಿ ಚಾರ್ಜ್ ಆಗದಿರುವುದೂ ಸಹಜ. ಅನೇಕ ಯಂತ್ರಗಳು 95ಕ್ಕಿಂತ ಕೆಳಗೆ ಇಳಿಯದೆ ಮತ್ತೆ ಚಾರ್ಜ್ ಶುರು ಮಾಡುವುದಿಲ್ಲ. ಪ್ಲಗ್ ಇದ್ದೂ ಶೇಕಡ ಇಳಿಯುತ್ತಿದ್ದರೆ ಮಾತ್ರ ಅಡಾಪ್ಟರ್ ನೋಡಿ: 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್ ಹಾಕಿದರೆ ಹೊರೆ ಏರಿದಾಗ ಕೊರತೆಯನ್ನು ಬ್ಯಾಟರಿ ತುಂಬುತ್ತದೆ.

ರಾತ್ರಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆಗೆ ಶೇ. 15 ಕಳೆದುಕೊಂಡಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ಒಂದು ರಾತ್ರಿ ಪೂರ್ತಿ ಶಟ್ ಡೌನ್ ಮಾಡಿ ನೋಡಿ. ಆಗ ನಷ್ಟ ನಿಂತರೆ ಕಳ್ಳ ಸ್ಲೀಪ್ ಮೋಡ್. ಈಚಿನ ಯಂತ್ರಗಳು 'ಮಾಡರ್ನ್ ಸ್ಟ್ಯಾಂಡ್‌ಬೈ'ನಲ್ಲಿ ಮುಚ್ಚಿದ ಮೇಲೂ ಎಚ್ಚರವಾಗಿರುತ್ತವೆ. ಪವರ್‌ಸಿಎಫ್‌ಜಿಗೆ ಓರೆಗೆರೆಯೊಂದಿಗೆ ಸ್ಲೀಪ್‌ಸ್ಟಡಿ ಎಂದು ಸೇರಿಸಿ ಆಜ್ಞೆ ಕೊಟ್ಟರೆ ಯಾವುದು ಎಚ್ಚರವಿರಿಸಿತೆಂಬ ವರದಿ ಸಿಗುತ್ತದೆ.

ಹಂತ 5: ಕ್ಯಾಲಿಬ್ರೇಶನ್, ಸರಿಯಾದ ಕ್ರಮದಲ್ಲಿ

ಮೊದಲು ಯಂತ್ರವನ್ನು ಸಪಾಟಾದ ಮೇಜಿನ ಮೇಲಿಟ್ಟು ನೋಡಿ. ತಳ ಅಲ್ಲಾಡುತ್ತಿದೆಯೇ, ಟಚ್‌ಪ್ಯಾಡ್ ಮೇಲೆದ್ದಿದೆಯೇ, ಕ್ಲಿಕ್ ಬಿಗಿಯಾಗಿದೆಯೇ, ಮುಚ್ಚಳ ಪೂರ್ತಿ ಕೂರುತ್ತಿಲ್ಲವೇ? ಇವು ಬ್ಯಾಟರಿ ಉಬ್ಬಿರುವ ಗುರುತು. ಹಾಗಿದ್ದರೆ ಕ್ಯಾಲಿಬ್ರೇಶನ್ ಮಾಡಲೇಬಾರದು. ಚಾರ್ಜರ್ ತೆಗೆದು, ಆಫ್ ಮಾಡಿ, ನೇರ ಕೊನೆಯ ಹಂತಕ್ಕೆ ಹೋಗಿ.

ತಯಾರಕರದೇ ಸವಲತ್ತಿದ್ದರೆ ಅದನ್ನೇ ಬಳಸಿ. ಥಿಂಕ್‌ಪ್ಯಾಡ್‌ಗಳಲ್ಲಿ ಲೆನೊವೊ ವಾಂಟೇಜ್‌ನೊಳಗೆ 'ಬ್ಯಾಟರಿ ಗೇಜ್ ರೀಸೆಟ್' ಸಿಗುತ್ತದೆ. ಅಡಾಪ್ಟರ್ ಹಾಕಿಟ್ಟರೆ ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸುವುದನ್ನು ಅದೇ ಮಾಡುತ್ತದೆ, ಹಲವು ಗಂಟೆ ಹಿಡಿಯುತ್ತದೆ. ಒಳಗೇ ಕೂರಿಸಿದ ಬ್ಯಾಟರಿಯ ಮ್ಯಾಕ್‌ಬುಕ್‌ಗಳಿಗೆ ಬಳಕೆದಾರರು ಕ್ಯಾಲಿಬ್ರೇಶನ್ ಮಾಡಬೇಕಿಲ್ಲ ಎಂಬುದು ಆ್ಯಪಲ್‌ನ ನಿಲುವು. ಉಳಿದವರಿಗೆ ಕೈಯಾರೆ ಮಾಡುವ ವಿಧಾನ ಇದು:

1. ಶೇ. 60 ಅಥವಾ 80ರ ಚಾರ್ಜ್ ಮಿತಿ ಇದ್ದರೆ ತಾತ್ಕಾಲಿಕವಾಗಿ ತೆಗೆಯಿರಿ. ಲೆನೊವೊದಲ್ಲಿ ಅದರ ಹೆಸರು ಕನ್ಸರ್ವೇಷನ್ ಮೋಡ್. ಆಸೂಸ್‌ನವರು ಮೈಆಸೂಸ್‌ನಲ್ಲೂ ಎಚ್‌ಪಿಯವರು ಬಯೋಸ್‌ನ (ವಿಂಡೋಸ್ ಶುರುವಾಗುವ ಮೊದಲು ಸಿಗುವ ಯಂತ್ರದ ಸೆಟ್ಟಿಂಗ್ ಪರದೆಯ) ಬ್ಯಾಟರಿ ಹೆಲ್ತ್ ಮ್ಯಾನೇಜರಿನಲ್ಲೂ ನೋಡಬೇಕು. ಇದನ್ನು ಮರೆತರೆ ಮುಂದಿನ ಶ್ರಮವೆಲ್ಲ ನೀರಲ್ಲಿ ಹೋಮ.

2. ಶೇ. 100ರವರೆಗೆ ಚಾರ್ಜ್ ಮಾಡಿ, ಆಮೇಲೂ 2 ಗಂಟೆ ಪ್ಲಗ್‌ನಲ್ಲೇ ಬಿಡಿ. ಕರೆಂಟ್ ಪೂರ್ತಿ ಕಿರಿದಾಗಿ ಸೆಲ್ಲು ನೆಲೆಗೊಳ್ಳಲು ಈ ಹೊತ್ತು ಬೇಕು. ಕೋಣೆಯ ಉಷ್ಣತೆ 20ರಿಂದ 30 ಡಿಗ್ರಿ ಇದ್ದರೆ ಒಳ್ಳೆಯದು. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಇದಕ್ಕೆ ಹೊತ್ತಲ್ಲ. ರಾತ್ರಿ ಶುರು ಮಾಡಿ.

3. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಬ್ಯಾಟರಿಯಲ್ಲಿದ್ದಾಗ ಸ್ಲೀಪ್ 'ನೆವರ್' ಎಂದು ಮಾಡಿ. ಕ್ರಿಟಿಕಲ್ ಮಟ್ಟದಲ್ಲಿ ಹೈಬರ್ನೇಟ್ ಎಂಬುದು ಹಾಗೇ ಇರಲಿ, ಅದು ಫೈಲುಗಳ ಕಾವಲು.

4. ಚಾರ್ಜರ್ ತೆಗೆದು ಹಗುರ, ಸ್ಥಿರ ಹೊರೆಯಲ್ಲಿ ಶೇ. 10ರವರೆಗೆ ಇಳಿಸಿ. ಭಾರದ ಹೊರೆಯಲ್ಲಿ ಖಾಲಿ ಮಾಡಿದರೆ ವೋಲ್ಟೇಜ್ ಬೇಗ ಕುಸಿದು ಚಿಪ್ಪು ನಿಜಕ್ಕಿಂತ ಕಡಿಮೆ ಸಾಮರ್ಥ್ಯ ಕಲಿಯಬಹುದು. ನಡುವೆ ಹತ್ತು ನಿಮಿಷ ಚಾರ್ಜರ್ ಚುಚ್ಚಿದರೂ ಅನೇಕ ಗೇಜ್‌ಗಳು ಕಲಿಕೆಯನ್ನು ಅಲ್ಲಿಗೇ ಕೈಬಿಡುತ್ತವೆ.

5. ಶೇ. 10ಕ್ಕೆ ಬಂದಾಗ ವಿಂಡೋಸ್ ಅನ್ನು ಕ್ರಮವಾಗಿ ಶಟ್ ಡೌನ್ ಮಾಡಿ, ಮತ್ತೆ ಆನ್ ಮಾಡುವಾಗ ಬಯೋಸ್ ಪರದೆಗೆ ಹೋಗಿ. ಡೆಲ್, ಆಸೂಸ್, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಅಲ್ಲೇ ಬಿಟ್ಟುಬಿಡಿ. ಬಯೋಸ್‌ನಲ್ಲಿ ವಿಂಡೋಸ್‌ನ ಶೇ. 5ರ ನಿಲುಗಡೆ ಇರುವುದಿಲ್ಲ, ಹೊರೆ ಸ್ಥಿರ, ಹಾಳಾಗಲು ತೆರೆದ ಫೈಲುಗಳಿಲ್ಲ. ತಾನಾಗಿ ಆರುವವರೆಗೆ ಕಾಯಿರಿ.

6. ಆರಿದ ಮೇಲೆ 5 ಗಂಟೆ ಮುಟ್ಟಬೇಡಿ. ಬರಿದಾದ ಸೆಲ್ಲಿನ ವೋಲ್ಟೇಜ್ ನಿಧಾನವಾಗಿ ಮೇಲೇರಿ ನೆಲೆಗೊಳ್ಳುತ್ತದೆ. ಚಿಪ್ಪು ಓದಬೇಕಾದದ್ದು ಆ ನೆಲೆಯನ್ನು. ಆದರೆ ಒಂದು ದಿನಕ್ಕಿಂತ ಹೆಚ್ಚು ಹಾಗೇ ಬಿಡಬೇಡಿ. ಬರಿದಾದ ಲಿಥಿಯಂ ಸೆಲ್ಲು ಇನ್ನೂ ಕೆಳಗಿಳಿದರೆ ರಕ್ಷಣಾ ಸರ್ಕ್ಯೂಟ್ ಮತ್ತೆ ಚಾರ್ಜ್ ಒಪ್ಪದಿರಬಹುದು.

7. ಆಫ್ ಇರುವಾಗಲೇ ತಡೆಯಿಲ್ಲದೆ 100ರವರೆಗೆ ತುಂಬಿಸಿ, ಇನ್ನೆರಡು ಗಂಟೆ ಬಿಡಿ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಅದನ್ನು ತಪ್ಪಿಸಿ ಶುರು ಮಾಡಿ.

8. ಬ್ಯಾಟರಿ ರಿಪೋರ್ಟ್ ಮತ್ತೆ ತೆಗೆಯಿರಿ. ಫುಲ್ ಚಾರ್ಜ್ ಕೆಪಾಸಿಟಿ ಬದಲಾಗಿದ್ದರೆ ಚಿಪ್ಪು ಕಲಿತಿದೆ. ಅದು 44,000ದಿಂದ 35,000ಕ್ಕೆ ಇಳಿದರೆ "ಕ್ಯಾಲಿಬ್ರೇಶನ್ ನನ್ನ ಬ್ಯಾಟರಿ ಹಾಳು ಮಾಡಿತು" ಎನ್ನಬೇಡಿ. ಇದ್ದದ್ದು ಮೊದಲೇ 35,000, ಈಗ ಹೇಳುತ್ತಿದೆ.

ಸಂಖ್ಯೆ ಕದಲದಿದ್ದರೆ ಇನ್ನೊಂದೇ ಒಂದು ಸುತ್ತು ಮಾಡಿ. ಮೂರನೆಯದು ಬೇಡ. ಪ್ರತಿ ಪೂರ್ತಿ ಸುತ್ತೂ ಬ್ಯಾಟರಿಯ ಆಯುಷ್ಯದಿಂದಲೇ ಕಳೆಯುವಂಥದ್ದು. ತಿಂಗಳಿಗೊಮ್ಮೆ ಖಾಲಿ ಮಾಡಬೇಕೆಂಬ ಹಳೆಯ ಸಲಹೆ ನಿಕಲ್-ಕ್ಯಾಡ್ಮಿಯಂ ಕಾಲದ ಪಳೆಯುಳಿಕೆ. ಸದಾ ಪ್ಲಗ್‌ನಲ್ಲಿರುವ ಯಂತ್ರಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ದಿನವೂ ಬ್ಯಾಟರಿಯಲ್ಲಿ ಓಡುವ ಯಂತ್ರಕ್ಕೆ, ಏರುಪೇರು ಕಾಣದಿದ್ದರೆ, ಬೇಕೇ ಇಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಬ್ಯಾಟರಿ ಡ್ರೈವರ್ ಅಳಿಸಿ ರೀಸ್ಟಾರ್ಟ್ ಮಾಡುವ ಉಪಾಯವೂ ಬಹಳ ಓಡಾಡುತ್ತದೆ. ಗೇಜ್ ಚಿಪ್ಪಿನ ನೆನಪನ್ನು ಅದು ಮುಟ್ಟುವುದೂ ಇಲ್ಲ. ಅಂಕಿ ಗಂಟೆಗಟ್ಟಲೆ ಒಂದೇ ಕಡೆ ಹೆಪ್ಪುಗಟ್ಟಿದ್ದರೆ ಮಾತ್ರ ಪ್ರಯತ್ನಿಸಿ. ಅದಕ್ಕೂ ಮೊದಲು ಚಾರ್ಜರ್ ತೆಗೆದು ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು ನೋಡಿ. ಬಯೋಸ್ ಅಪ್‌ಡೇಟ್ ಇದ್ದರೆ ಹಾಕಿಕೊಳ್ಳಿ.

ಹಂತ 6: ಬ್ಯಾಟರಿ ಬದಲಿಸುವಾಗ

ಸ್ಕ್ರೂ ಬಿಚ್ಚುವ ಮೊದಲು ಹಳೆಯ ಪ್ಯಾಕಿನ ಪಾರ್ಟ್ ನಂಬರ್ ಬರೆದುಕೊಳ್ಳಿ. ಮಾಡೆಲ್ ಹೆಸರು ಸಾಲದು. ಒಂದೇ ಮಾಡೆಲ್ಲಿಗೆ ಮೂರು ಸೆಲ್ಲಿನದೂ ನಾಲ್ಕು ಸೆಲ್ಲಿನದೂ ಇರಬಹುದು, ಕನೆಕ್ಟರೂ ಬೇರೆ ಇರಬಹುದು. ವೋಲ್ಟೇಜ್ ಹೊಂದಬೇಕು: 11.4 ವೋಲ್ಟಿನ ಜಾಗಕ್ಕೆ 15.2 ವೋಲ್ಟಿನದು ಬೇಡ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸಿಗುವವರೆಗೆ ಅಲ್ಲೇ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿಯ ಗುರುತು, ಅದರ ಕೆಳಗಿನ ಆರ್‌ನಿಂದ ಶುರುವಾಗುವ ಸಂಖ್ಯೆ, ಐಎಸ್ 16046 ಎಂಬ ಬರಹ ನೋಡಿ, ಬಿಲ್ ಮತ್ತು ಬರಹದಲ್ಲಿ ವಾರಂಟಿ ಕೇಳಿ.

ಹಾಕಿದ ದಿನವೇ ರಿಪೋರ್ಟ್ ತೆಗೆಯಿರಿ, ಒಂದು ತಿಂಗಳ ಮೇಲೆ ಮತ್ತೊಮ್ಮೆ. ಸೈಕಲ್ ಕೌಂಟ್ ಸೊನ್ನೆಯಲ್ಲೇ ನಿಂತಿದ್ದು, ಫುಲ್ ಚಾರ್ಜ್ ಕೆಪಾಸಿಟಿ ಡಿಸೈನ್ ಕೆಪಾಸಿಟಿಗೆ ಒಂದಂಕಿಯೂ ವ್ಯತ್ಯಾಸವಿಲ್ಲದೆ ಅಂಟಿಕೊಂಡಿದ್ದರೆ ಚಿಪ್ಪು ಅಳೆಯುತ್ತಿಲ್ಲ, ಬರೆದುಕೊಟ್ಟದ್ದನ್ನು ಓದುತ್ತಿದೆ ಎಂದು ಅನುಮಾನಿಸಿ. ಹಂತ 3ರ ಹಗುರ ಪಾಳಿ ಓಡಿಸಿದರೆ ನಿಜ ಹೊರಬೀಳುತ್ತದೆ: 10 ವ್ಯಾಟಿನಲ್ಲಿ 50 ವ್ಯಾಟ್-ಅವರ್ ಪ್ಯಾಕು ಸುಮಾರು 5 ಗಂಟೆ ಬರಲೇಬೇಕು.

ಹಳೆ ಪ್ಯಾಕಿಗೆ ಹೊಸ ಸೆಲ್ಲು ಕೂರಿಸುವ 'ರೀಸೆಲ್ಲಿಂಗ್' ಅಗ್ಗವಾಗಿ ಕಾಣುತ್ತದೆ. ಆದರೆ ಚಿಪ್ಪಿನಲ್ಲಿ ಹಳೆ ಸೆಲ್ಲಿನ ಸಾಮರ್ಥ್ಯ, ಒಳರೋಧ, ಕೆಲವು ಸಲ ಶಾಶ್ವತ ದೋಷದ ಮುದ್ರೆಯೂ ಉಳಿದಿರುತ್ತವೆ. ಅವನ್ನು ಸರಿಯಾಗಿ ಅಳಿಸದೆ ಸೆಲ್ಲು ಬದಲಿಸಿದರೆ ಈ ಬರಹದ ಮೊದಲ ಸಾಲಿಗೇ ಮರಳುತ್ತೀರಿ, ಬೆಂಕಿಯ ಅಪಾಯವೂ ಜೊತೆಗೆ.

ಉಬ್ಬಿದ ಪ್ಯಾಕನ್ನು ತೆಗೆಯುವಾಗ ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಒತ್ತಿ ಚಪ್ಪಟೆ ಮಾಡಬೇಡಿ, ಗಾಳಿ ಬಿಡಲು ಚುಚ್ಚಬೇಡಿ. ಅಂಟಿಸಿದ ಮಾದರಿಯಾದರೆ ಸರ್ವಿಸ್ ಸೆಂಟರಿನವರೇ ತೆಗೆಯಲಿ. ಹೊರಬಂದ ಪ್ಯಾಕಿನ ಕನೆಕ್ಟರಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಉರಿಯುವ ವಸ್ತುಗಳಿಂದ ದೂರ, ಲೋಹದ ಡಬ್ಬಿಯಲ್ಲಿ ಮರಳಿನ ನಡುವೆ ಇಡಿ. ಮನೆಯ ಕಸದ ಗಾಡಿಗೆ ಹಾಕಬೇಡಿ. ಕಾಂಪ್ಯಾಕ್ಟರ್ ಲಾರಿಯೊಳಗೆ ನಜ್ಜುಗುಜ್ಜಾದರೆ ಹೊತ್ತಿಕೊಳ್ಳುವುದು ಅಲ್ಲೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು. ಆದ್ದರಿಂದ ಸರ್ವಿಸ್ ಸೆಂಟರಿನಲ್ಲಿ ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೊಟ್ಟು ಬನ್ನಿ.